ಸಂಪಾದಕರ ಉತ್ತರ: ಮೋಡಕಾಡಿನ ಸಲಮಾಂಡರ್ ಮನೆಯಲ್ಲಿ ಸಾಕಬಹುದೇ?

ಮಾನ್ಯರೇ,

ಮಧ್ಯ ಅಮೆರಿಕದ ಬೋಲಿಟೊಗ್ಲೋಸಾ ಕುಲದ ಒಂದು ಜೊತೆ ಸಲಮಾಂಡರ್‌ಗಳನ್ನು (ಹಲ್ಲಿಯಂತೆ ಕಂಡರೂ ಕಪ್ಪೆಯಂತೆ ಉಭಯಚರವಾದ ಜೀವಿಗಳನ್ನು) ಬೆಂಗಳೂರಿನ ವ್ಯಾಪಾರಿಯೊಬ್ಬರು ಅಗ್ಗದ ಬೆಲೆಗೆ ಕೊಡಲು ಮುಂದಾಗಿದ್ದಾರೆಂದು ತಾವು ಬರೆದಿದ್ದೀರಿ. ಅಪರೂಪದ ಜೀವಿಯನ್ನು ಮನೆಯಲ್ಲಿ ಸಾಕಿ ಮರಿ ಮಾಡಿಸುವುದೂ ಸಂರಕ್ಷಣೆಯಲ್ಲವೇ, ಒಗ್ಗದಿದ್ದರೆ ಕೊಡಗಿನ ತಂಪು ಕಾಡಿಗೆ ಬಿಡಬಹುದೇ ಎಂದೂ ಕೇಳಿದ್ದೀರಿ. ದಯವಿಟ್ಟು ಕೊಳ್ಳಬೇಡಿ ಎಂಬುದೇ ನಮ್ಮ ಉತ್ತರ.

ಈ ಸಲಮಾಂಡರ್‌ಗಳಿಗೆ ಶ್ವಾಸಕೋಶವೇ ಇಲ್ಲ. ಚರ್ಮದಿಂದಲೂ ಬಾಯಿಯ ಒಳಪೊರೆಯಿಂದಲೂ ಉಸಿರಾಡುವುದರಿಂದ ಇವುಗಳ ಮೈ ಸದಾ ತೇವವಾಗಿರಬೇಕು. ಗ್ವಾಟೆಮಾಲಾ, ಕೋಸ್ಟರಿಕಾಗಳ ಎತ್ತರದ ಮೋಡಕಾಡುಗಳಲ್ಲಿ, ಎಂದರೆ ಮೋಡ ಮುಸುಕಿದ ಬೆಟ್ಟದ ಕಾಡುಗಳಲ್ಲಿ, ಪಾಚಿಯ ನಡುವೆಯೂ ಮರಕ್ಕಂಟಿದ ಬ್ರೊಮೀಲಿಯಾಡ್ ಗಿಡಗಳ ಎಲೆಬುಡದಲ್ಲಿಯೂ ಬಾಳುವ ಪ್ರಭೇದಗಳಿಗೆ ತಂಪು, ತೇವ, ಆಡುವ ಗಾಳಿ ಮೂರೂ ಒಟ್ಟಿಗೆ ದೊರೆಯುತ್ತವೆ. ಮನೆಯಲ್ಲಾದರೋ ಏಸಿ ಹಾಕಿದರೆ ತೇವ ಆರುತ್ತದೆ, ತೇವ ಉಳಿಯಲೆಂದು ಗಾಜಿನ ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿದರೆ ಗಾಳಿ ಕೆಟ್ಟು ಚರ್ಮಕ್ಕೆ ಸೋಂಕು ತಗಲುತ್ತದೆ, ಜಾಲರಿಯ ಮುಚ್ಚಳವಿಟ್ಟರೆ ಏಪ್ರಿಲ್ ತಿಂಗಳ ಬಿಸಿ ಒಳಹೊಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಕೂಡ ಆ ಚರ್ಮಕ್ಕೆ ಹಾನಿಕರ. ಪ್ರಾಣಿ ಬಳಲುತ್ತಿರುವುದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ.

ಇವು ಸಾಕಿದಲ್ಲಿಯೇ ಹುಟ್ಟಿದವು ಎಂಬ ವ್ಯಾಪಾರಿಯ ಮಾತನ್ನು ನಾವು ಸುಲಭವಾಗಿ ನಂಬಲಾರೆವು. ಈ ಕುಲದ ಮೊಟ್ಟೆಗಳು ನೀರಿನ ಹೊರಗೆಯೇ ತಿಂಗಳುಗಟ್ಟಲೆ ಬೆಳೆದು, ಗೊದಮೊಟ್ಟೆಯ ಹಂತವಿಲ್ಲದೆ ನೇರವಾಗಿ ಪುಟ್ಟ ಸಲಮಾಂಡರ್‌ಗಳಾಗಿ ಒಡೆಯುತ್ತವೆ. ಅವು ಪ್ರಾಯಕ್ಕೆ ಬರಲು ಮತ್ತೆ ವರ್ಷಗಳೇ ಬೇಕು. ಅಷ್ಟು ಕಾಲ ಸಾಕಿದವರು ಬೆಳೆದ ಜೋಡಿಯನ್ನು ಅಗ್ಗಕ್ಕೆ ಮಾರುವರೇ? ತಾಯಿತಂದೆಗಳ ದಾಖಲೆಯನ್ನೂ ಆಮದು ಪರವಾನಗಿಯನ್ನೂ ತೋರಿಸದವರ ಸರಕು ಕಾಡಿನಿಂದಲೇ ಬಂದದ್ದೆಂದು ಭಾವಿಸುವುದು ಲೇಸು.

ಸಂರಕ್ಷಣೆಯ ಮಾತಿಗೆ ಒಂದು ನಿದರ್ಶನ ಕೊಡುತ್ತೇವೆ. 1975ರಲ್ಲಿ ಗ್ವಾಟೆಮಾಲಾದ ಕುಚುಮಟಾನೆಸ್ ಬೆಟ್ಟಗಳಲ್ಲಿ ದೊರೆತ ಬೋಲಿಟೊಗ್ಲೋಸಾ ಜಾಕ್ಸೋನಿ ಎಂಬ ಹಳದಿ ಮೈಯ ಪ್ರಭೇದ ಆಮೇಲೆ ಯಾರ ಕಣ್ಣಿಗೂ ಬೀಳದೆ, 2017ರಲ್ಲಿ ಮತ್ತೆ ಕಾಣಿಸಿಕೊಂಡಿತು. ಕಂಡವರು ಉಭಯಚರಗಳಿಗೆಂದೇ ಕಾದಿರಿಸಿದ ಕಾಡೊಂದರ ಕಾವಲುಗಾರರು. ಅಂಥ ಕಾಡಿಗೆ ಹಣ ಕೊಟ್ಟವರನ್ನು ನಾವು ಸಂರಕ್ಷಕರೆನ್ನುತ್ತೇವೆ. ಒಂದು ಜೋಡಿಯನ್ನು ಕೊಂಡವರು ಮುಂದಿನ ಜೋಡಿಯನ್ನು ಹಿಡಿಯುವವನಿಗೆ ಕೂಲಿ ಕೊಟ್ಟಂತಾಗುತ್ತದೆ.

ಕೊಡಗಿಗೆ ಬಿಡುವುದಂತೂ ಸರ್ವಥಾ ಕೂಡದು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಜಗತ್ತಿನಲ್ಲೆಲ್ಲ ಹರಡಿದ್ದರಲ್ಲಿ ಉಭಯಚರಗಳ ವ್ಯಾಪಾರದ ಪಾಲು ದೊಡ್ಡದು, ಪಶ್ಚಿಮಘಟ್ಟದಲ್ಲಿಯೂ ಅದು ಪತ್ತೆಯಾಗಿದೆ. ಬೇರೆಲ್ಲಿಯೂ ಇಲ್ಲದ ಕಪ್ಪೆಗಳು ಬಾಳುವ ಆ ತೊರೆಗಳಿಗೆ, ಬಿಟ್ಟ ಪ್ರಾಣಿಗಳ ಮೈಮೇಲೆ ಬಂದ ಆ ಶಿಲೀಂಧ್ರದ ಹೊರಗಿನ ಇನ್ನೊಂದು ತಳಿ ಸೇರಿದರೆ ಅದನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ. ಈಗಾಗಲೇ ಮುಂಗಡ ಕೊಟ್ಟು ಪ್ರಾಣಿಗಳನ್ನು ತಂದಿದ್ದರೆ, ಅವುಗಳ ಪೆಟ್ಟಿಗೆಯ ನೀರನ್ನೂ ಮಣ್ಣನ್ನೂ ಬ್ಲೀಚಿಂಗ್ ಪುಡಿಯಿಂದ ಶುದ್ಧಿಗೊಳಿಸದೆ ಚರಂಡಿಗಾಗಲಿ ತೋಟಕ್ಕಾಗಲಿ ಸುರಿಯದಿರಿ, ಮತ್ತು ಅರಣ್ಯ ಇಲಾಖೆಗೆ ತಿಳಿಸಿರಿ.

— ಸಂಪಾದಕ