‘ಒಳಗ ಏನೈತ್ರಿ?’ ಅಂದವರಿಗೆ ಉತ್ತರ ಕೊಡಿ

ನಮಸ್ಕಾರ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು, ಅಂದರೆ ಈಗಿನ ಫ್ರೀಡಂ ಪಾರ್ಕ್ ಕುರಿತ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾಗದು. ಕೈಬಿಡಲೂ ಮನಸ್ಸು ಬರಲಿಲ್ಲ, ಅದಕ್ಕೇ ಈ ಪತ್ರ.

ಮೊದಲೆರಡು ಪುಟಗಳಲ್ಲೇ ನಿಮಗೆ ಐದು ಸಲ ‘ಮೈ ಜುಮ್ಮೆಂದಿದೆ’. ಓದುವವರಿಗೆ ಜೈಲು ಮಾತ್ರ ಕಾಣುವುದಿಲ್ಲ. ನಡುವಿನ ಕಾವಲು ಗೋಪುರವನ್ನು ‘ಭವ್ಯ’ ಎಂದು ಹೇಳಿ ಮುಂದೆ ಹೋಗಿದ್ದೀರಿ. ಚಂದ ಕಾಣಲೆಂದು ಕಟ್ಟಿದ್ದಲ್ಲ ಅದು. ಸುತ್ತ ಬ್ಯಾರಕ್‌ಗಳು ಗಾಡಿಚಕ್ರದ ಕಡ್ಡಿಗಳ ಹಾಗೆ ಚಾಚಿಕೊಂಡಿದ್ದವು. ಮೇಲೆ ನಿಂತ ಕಾವಲುಗಾರ ಎಲ್ಲ ದಿಕ್ಕಿಗೂ ಕಣ್ಣಿಡಬಹುದಿತ್ತು. ಅವನು ಈಗ ತನ್ನತ್ತ ನೋಡುತ್ತಿದ್ದಾನೋ ಇಲ್ಲವೋ, ಕೆಳಗಿನ ಕೈದಿಗೆ ತಿಳಿಯುತ್ತಿರಲಿಲ್ಲ. ಇಷ್ಟನ್ನು ಬರೆಯಿರಿ. ಜುಮ್ಮೆನ್ನುವುದನ್ನು ಓದುಗರಿಗೆ ಬಿಡಿ.

ತುರ್ತುಪರಿಸ್ಥಿತಿಯ ಭಾಗದಲ್ಲಿ, ಆಗ ಇದೇ ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿಯವರಿಗೆ ಒಂದೂವರೆ ಪುಟ. ನಟಿ ಸ್ನೇಹಲತಾ ರೆಡ್ಡಿಯವರಿಗೆ ಒಂದೇ ಸಾಲು, ಅದೂ ತಪ್ಪು. ಅವರು ‘ಜೈಲಿನಲ್ಲೇ ಮಡಿದರು’ ಎಂದಿದ್ದೀರಿ. 1976ರ ಮೇ ತಿಂಗಳಲ್ಲಿ ಬಂಧಿಸಿದರು, ಆಸ್ತಮಾ ವಿಪರೀತವಾಗಿದ್ದರೂ ಎಂಟು ತಿಂಗಳು ಒಳಗಿಟ್ಟರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ಅವರು ತೀರಿಕೊಂಡರು. ನಡುವೆ ಐದೇ ದಿನ. ನಿಮ್ಮ ಆ ಒಂದು ಸಾಲು ಈ ಐದು ದಿನಗಳನ್ನು ಅಳಿಸಿಬಿಟ್ಟಿದೆ. ಜೀವ ಹಣ್ಣಾದ ಮೇಲೆ ಮನೆಗೆ ಕಳಿಸಿದರು ಎಂಬ ಸಂಗತಿಯೂ ಜೊತೆಗೇ ಅಳಿಸಿಹೋಗಿದೆ. ಒಳಗಿದ್ದಾಗ ಅವರು ದಿನಚರಿ ಬರೆದಿದ್ದರು, ಅದು ಅಚ್ಚಾಗಿದೆ. ಹುಡುಕಿ ಓದಿ, ಆಮೇಲೆ ಈ ಭಾಗಕ್ಕೆ ಕೈ ಹಾಕಿ.

ಇನ್ನು ನಾಲ್ಕನೇ ಪುಟ. ಧರಣಿಗೆಂದು ರಾಯಚೂರಿನಿಂದ ಬಂದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಗೋಡೆಯ ನೆರಳಲ್ಲಿ ರೊಟ್ಟಿ ಬುತ್ತಿ ಬಿಚ್ಚುತ್ತಾ ‘ಒಳಗ ಏನೈತ್ರಿ?’ ಎಂದು ಕೇಳುತ್ತಾರೆ. ನೀವು ‘ಹಳೇ ಜೈಲು’ ಅಂದು ಬಸ್ಸಿಗೆ ಓಡುತ್ತೀರಿ. ನಾನು ಪೆನ್ಸಿಲ್ ಕೆಳಗಿಟ್ಟು ಓದಿದ್ದು ಇದೊಂದೇ ಕಡೆ. ಯಾಕೆ ಓಡಿದಿರಿ? ಕೈದಿಗಳನ್ನು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು, 2008ರಲ್ಲಿ ಜೈಲು ಪಾರ್ಕ್ ಆಯಿತು. 2021ರ ಆದೇಶದ ಮೇಲೆ, ಬೆಂಗಳೂರಿನಲ್ಲಿ ಧರಣಿ ಕೂರುವವರು ಇಲ್ಲಿಗೇ ಬರಬೇಕು. ಎದುರು ಮಾತಾಡಿದವರನ್ನು ಕೂಡಿಹಾಕಿದ್ದ ಆವರಣವನ್ನೇ ಎದುರು ಮಾತಾಡಲು ಗೊತ್ತುಮಾಡಿದ್ದಾರೆ, ಆ ತಾಯಿ ಕೂತದ್ದು ಅದರೊಳಗೆ. ನಿಮ್ಮ ಪ್ರಬಂಧ ಅವರ ಪ್ರಶ್ನೆಯಿಂದಲೇ ಶುರುವಾಗಲಿ. ಗೋಪುರ, ಬ್ಯಾರಕ್, ಆ ಐದು ದಿನ, ಎಲ್ಲವನ್ನೂ ಅವರ ಪಕ್ಕ ಕೂತು ಹೇಳುವ ಹಾಗೆ ಬರೆಯಿರಿ.

ಮುಂದಿನ ತಿಂಗಳ 10ರೊಳಗೆ ಕಳಿಸಿ. ನಾಲ್ಕು ಪುಟ ಕಾದಿರಿಸಿದ್ದೇನೆ.