ಪೇಟೆ ಕುಸಿದಾಗ ಎಸ್‌ಐಪಿ ನಿಲ್ಲಿಸಬೇಕೇ?

ಪ್ರಶ್ನೆ: ಕೆಲವು ವರ್ಷಗಳಿಂದ ಈಕ್ವಿಟಿ (ಷೇರುಗಳಲ್ಲಿ ಹೂಡುವ) ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳಿಗೆ ₹10,000 ಎಸ್‌ಐಪಿ (ನಿಗದಿತ ಹೂಡಿಕೆ ಕಂತು) ಕಟ್ಟುತ್ತಿದ್ದೇನೆ. ಷೇರುಪೇಟೆ ದಿನವೂ ಕುಸಿಯುತ್ತಿರುವುದನ್ನು ಕಂಡು ನಿದ್ದೆ ಬರುತ್ತಿಲ್ಲ. ಮಗಳ ಕಾಲೇಜು ಶುಲ್ಕಕ್ಕೆ ಮುಂದಿನ ವರ್ಷ ಸ್ವಲ್ಪ ಹಣ ಬೇಕು, ಉಳಿದದ್ದು ನಿವೃತ್ತಿಗೆ. ಎಲ್ಲವನ್ನೂ ಹಿಂಪಡೆಯಲೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಆತಂಕ ಸಹಜವಾದದ್ದು, ಆದರೆ ಈ ಎರಡು ಉದ್ದೇಶಗಳ ಹಣವನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಶುಲ್ಕಕ್ಕೆ ಬೇಕಾದಷ್ಟನ್ನು, ಈಗ ನಷ್ಟ ಕಂಡರೂ ಸರಿ, ಬ್ಯಾಂಕ್ ಠೇವಣಿಗೆ ವರ್ಗಾಯಿಸಿ. ವರ್ಷದೊಳಗೆ ಬೇಕಾಗುವ ಹಣ ಷೇರುಪೇಟೆಯಲ್ಲಿ ಇರಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ನಿವೃತ್ತಿಯ ಹಣಕ್ಕೆ ಈ ಅವಸರವಿಲ್ಲ. 2020ರ ಮಾರ್ಚ್ 23ರಂದು ಮುಂಬೈ ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ ಒಂದೇ ದಿನ ಶೇ 13ರಷ್ಟು ಕುಸಿದು 26 ಸಾವಿರಕ್ಕಿಂತ ಕೆಳಗಿಳಿದಾಗ ಹೆದರಿ ಮಾರಿ ಹೊರನಡೆದವರ ನಷ್ಟ ಕಾಯಂ ಆಯಿತು. ಕಾದವರು ಅದೇ ವರ್ಷದ ನವೆಂಬರ್‌ನಲ್ಲಿ ಸೂಚ್ಯಂಕ ಜನವರಿಯ ಮಟ್ಟವನ್ನು ದಾಟಿದ್ದನ್ನು ಕಂಡರು. ಹಾಗೆಂದು ಚೇತರಿಕೆ ಯಾವಾಗಲೂ ಅಷ್ಟು ಬೇಗ ಬರುವುದಿಲ್ಲ: 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಮತ್ತೆ ಅಲ್ಲಿಗೆ ಏರಲು 2010ರ ನವೆಂಬರ್ ಬರಬೇಕಾಯಿತು. ಬೆಲೆ ಇಳಿದಿರುವಾಗ ಅದೇ ಕಂತಿಗೆ ಹೆಚ್ಚು ಯೂನಿಟ್‌ಗಳು (ಫಂಡ್‌ನ ಪಾಲುಗಳು) ಸಿಗುವುದರಿಂದ ಎಸ್‌ಐಪಿಯನ್ನು ನಿಲ್ಲಿಸಬೇಡಿ. ಆದರೆ ನಿಮ್ಮ ಫಂಡ್ ಒಂದೇ ಉದ್ಯಮ ವಲಯದ ಷೇರುಗಳನ್ನು ನಂಬಿಕೊಂಡಿದ್ದರೆ ಈ ಮಾತು ಅನ್ವಯಿಸದು. ಅದನ್ನು ಮೊದಲು ಪರಿಶೀಲಿಸಿ.