ಹನ್ನೊಂದು ಜನರಲ್ಲಿ ಯಾರಿಗೂ ಸಿಗದ ನಲವತ್ತು ಸಾವಿರ

ಅಕ್ಕೋರೇ,

ಅಂಕೋಲೆಯಿಂದ ನೀವು ನಮ್ಮ ಪತ್ರಿಕೆಗೆ ಕಳುಹಿಸಿದ ‘ಸಂಖ್ಯಾಶಾಸ್ತ್ರದ ಮೊದಲ ಪಾಠ’ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪುಗಳಿಲ್ಲ. 1920ರಲ್ಲಿ ನಮ್ಮದೇ ರಾಜ್ಯದ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರನ್ನು ನೆನೆದು ಆರಂಭಿಸಿದ್ದೂ ಸರಿಯಾಗಿದೆ. ಹೊಗಳಿಕೆಯನ್ನು ಇಲ್ಲಿಗೇ ಮುಗಿಸುತ್ತೇನೆ. ಏಳನೆಯ ಪುಟದ ಒಂದು ವಾಕ್ಯ ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

“ಜುಲೈ ತಿಂಗಳಲ್ಲಿ ಕಾರವಾರದ ಬೈತಖೋಲ್ ಬಂದರಿನಲ್ಲಿ ಭೇಟಿಯಾದ 11 ಮೀನುಗಾರರ ಸರಾಸರಿ ಮಾಸಿಕ ಆದಾಯ 40,000 ರೂಪಾಯಿ. ಇದರಿಂದ ಕಾರವಾರದ ಮೀನುಗಾರರ ಆರ್ಥಿಕ ಸ್ಥಿತಿ ಉತ್ತಮವಾಗಿದೆಯೆಂದು ತಿಳಿದುಬರುತ್ತದೆ.”

ಪುಣ್ಯಕ್ಕೆ ಕೋಷ್ಟಕವನ್ನು ಲೇಖನದ ಕೊನೆಯಲ್ಲಿ ಲಗತ್ತಿಸಿದ್ದೀರಿ. ಅದನ್ನು ಇಲ್ಲಿ ಬರೆಯುತ್ತೇನೆ, ಉಳಿದ ಓದುಗರೂ ನೋಡಲಿ. ಸಾವಿರದ ಲೆಕ್ಕದಲ್ಲಿ: 12, 13, 14, 14, 15, 15, 15, 16, 17, 19 ಮತ್ತು 290. ಕೊನೆಯವರು ಪರ್ಸಿನ್ ಬೋಟಿನ (ದೊಡ್ಡ ಸುತ್ತುಬಲೆಯ ಯಾಂತ್ರೀಕೃತ ಬೋಟು) ಮಾಲೀಕರೆಂದು ಅಡಿಯಲ್ಲಿ ಸಣ್ಣದಾಗಿ ಬರೆದಿದ್ದೀರಿ. ಒಟ್ಟು ಕೂಡಿದರೆ 440, ಹನ್ನೊಂದರಿಂದ ಭಾಗಿಸಿದರೆ 40. ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಈ ಹನ್ನೊಂದು ಜನರಲ್ಲಿ ನಲವತ್ತು ಸಾವಿರ ದುಡಿಯುವವರನ್ನು ನನಗೆ ತೋರಿಸಿ. ಹತ್ತು ಜನ ಇಪ್ಪತ್ತು ಸಾವಿರವನ್ನೇ ಮುಟ್ಟಿಲ್ಲ. ಇನ್ನೊಬ್ಬರು ಮೂರು ಲಕ್ಷದ ಹತ್ತಿರ ಇದ್ದಾರೆ. ನಡುವೆ ಯಾರೂ ಇಲ್ಲದ ಜಾಗದಲ್ಲಿ ನಿಮ್ಮ ಸರಾಸರಿ ನಿಂತಿದೆ.

ಮಾಲೀಕರನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ 15,000. ಒಬ್ಬರನ್ನು ಸೇರಿಸಿದ್ದಕ್ಕೆ ಉಳಿದ ಹತ್ತು ಜನರ ಆದಾಯ ಕಾಗದದ ಮೇಲೆ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು! ಇದೇ ಕೋಷ್ಟಕದ ಮಧ್ಯಾಂಕ, ಅಂದರೆ ಸಾಲಿನ ನಟ್ಟನಡುವಿನ ಅಂಕಿ, ನೋಡಿ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿಯೇ ಇದೆ, ಆರನೆಯದು 15. ಮಾಲೀಕರ ಆದಾಯ 2,90,000ದ ಬದಲು 29 ಲಕ್ಷವೇ ಆಗಿದ್ದರೂ ಮಧ್ಯಾಂಕ ಅಲುಗುತ್ತಿರಲಿಲ್ಲ. ಸರಾಸರಿ ಮಾತ್ರ 2,77,000 ದಾಟಿ ಹೋಗುತ್ತಿತ್ತು. ಮಧ್ಯಾಂಕ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಅದು ನಿಮ್ಮ ಕೈಯಲ್ಲೇ ಇತ್ತು. ನೀವು ಮಾಡಿದ್ದೇನು? ಮೂರನೆಯ ಪುಟದಲ್ಲಿ “ಐವರು ವಿದ್ಯಾರ್ಥಿಗಳ ಅಂಕಗಳು 10, 20, 30, 40, 50 ಆಗಿರಲಿ” ಎಂದು ಬರೆದು, ಸರಾಸರಿ 30, ಮಧ್ಯಾಂಕ 30, ಬಹುಲಕ (ಅತಿ ಹೆಚ್ಚು ಸಲ ಬರುವ ಅಂಕಿ) ಇಲ್ಲ ಎಂದು ಮುಗಿಸಿದಿರಿ. ಎರಡೂ ಒಂದೇ ಉತ್ತರ ಕೊಡುವುದಾದರೆ ಮಕ್ಕಳು ಎರಡನ್ನು ಏಕೆ ಕಲಿಯಬೇಕು? ಅಂಥ ಐವರು ವಿದ್ಯಾರ್ಥಿಗಳು ಯಾವ ಶಾಲೆಯಲ್ಲಿಯೂ ಇಲ್ಲ ಎಂಬುದು ಹಾಗಿರಲಿ.

ಮಾನಕ ವಿಚಲನೆಗೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ನಾಲ್ಕನೆಯ ಪುಟವನ್ನು ಪೂರ್ತಿ ಕೊಟ್ಟಿದ್ದೀರಿ. ಸೂತ್ರ ಸರಿಯಿದೆ. ಅದನ್ನು ಬೈತಖೋಲ್ ಕೋಷ್ಟಕಕ್ಕೆ ಮಾತ್ರ ಹಾಕಲಿಲ್ಲ. ನಾನು ಕುಳಿತು ಹಾಕಿದೆ: ಸುಮಾರು 79,000 ಬಂತು. ಸರಾಸರಿಯೇ 40,000, ಅದರ ಸುತ್ತಲಿನ ಚದುರುವಿಕೆ ಹೆಚ್ಚುಕಡಿಮೆ ಅದರ ಇಮ್ಮಡಿ. ಮಾಲೀಕರನ್ನು ಬಿಟ್ಟರೆ ಅದೇ ವಿಚಲನೆ 1,900ಕ್ಕೆ ಇಳಿಯುತ್ತದೆ. ಹತ್ತು ಜನರ ಬದುಕು ಎಷ್ಟು ಒತ್ತೊತ್ತಾಗಿದೆ, ಹನ್ನೊಂದನೆಯವರು ಎಷ್ಟು ದೂರದಲ್ಲಿದ್ದಾರೆ ಎಂದು ಈ ಎರಡು ಅಂಕಿಗಳು ಹೇಳುತ್ತಿದ್ದವು. ಹಾಗೆಂದು ಮಾಲೀಕರನ್ನು ಕೋಷ್ಟಕದಿಂದ ಹೊರಗೆ ಹಾಕಿ ಎನ್ನುತ್ತಿಲ್ಲ. ಅವರೂ ಇರಲಿ, ಇದ್ದಾರೆಂದು ಓದುಗನಿಗೆ ಮೊದಲೇ ಹೇಳಿ.

ಇನ್ನು “ಜುಲೈ ತಿಂಗಳಲ್ಲಿ” ಎಂಬ ಮಾತು. ಕರಾವಳಿಯಲ್ಲಿ ಬೆಳೆದ ನಿಮಗೆ ನಾನು ಹೇಳಬೇಕೇ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ಲಂಗರು ಹಾಕಿರುತ್ತವೆ, ಹೊರರಾಜ್ಯದ ಖಲಾಸಿಗಳು (ಬೋಟಿನ ಕೆಲಸಗಾರರು) ತಮ್ಮ ಊರಿಗೆ ಹೋಗಿರುತ್ತಾರೆ. ಆಗ ಬಂದರಿನಲ್ಲಿ ಸಿಗುವವರು ಬಲೆ ರಿಪೇರಿ ಮಾಡುವವರು, ಕಾವಲಿನವರು, ದುರಸ್ತಿ ನೋಡಲು ಬಂದ ಮಾಲೀಕರು. ನಾಡದೋಣಿಯವರು ಮಾಜಾಳಿಯಲ್ಲಿಯೋ ಬೇಲೆಕೇರಿಯಲ್ಲಿಯೋ ತಮ್ಮ ದಡದಲ್ಲಿರುತ್ತಾರೆ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸರು ನಿಮ್ಮ ಕೋಷ್ಟಕದಲ್ಲಿ ಒಬ್ಬರೂ ಇಲ್ಲ. ‘ಸಮಷ್ಟಿ’ (ತಿಳಿಯಬೇಕಾದ ಇಡೀ ಗುಂಪು) ಮತ್ತು ‘ಮಾದರಿ’ (ಅದರಿಂದ ಆರಿಸಿದ ಕೆಲವರು) ಇವುಗಳ ವ್ಯಾಖ್ಯೆಯನ್ನು ಎರಡನೆಯ ಪುಟದಲ್ಲಿ ನೀವೇ ಅಚ್ಚುಕಟ್ಟಾಗಿ ಬರೆದಿದ್ದೀರಿ. ಏಳನೆಯ ಪುಟಕ್ಕೆ ಬರುವಾಗ ಅದು ಮರೆತುಹೋಯಿತು.

ಹನ್ನೊಂದು ಸಣ್ಣ ಸಂಖ್ಯೆ, ಅದಕ್ಕೇ ಹೀಗಾಯಿತು ಎಂದು ನೀವು ಉತ್ತರ ಬರೆಯಬಹುದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ವಾರಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ರೂಸ್‌ವೆಲ್ಟ್ ಅವರ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಆರಿಸಿದ್ದರು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅವೆರಡೂ ಇದ್ದವರು ಉಳ್ಳವರು. ಅದೂ ಸಾಲದೆಂಬಂತೆ, ಕಳುಹಿಸಿದವರಲ್ಲಿ ಮುಕ್ಕಾಲು ಪಾಲು ಜನ ಉತ್ತರಿಸಲೇ ಇಲ್ಲ. ಹಾಗಾಗಿ ನಿಮ್ಮ ಹನ್ನೊಂದಕ್ಕೆ ನನ್ನ ಆಕ್ಷೇಪವಿಲ್ಲ. ಆ ಹನ್ನೊಂದು ಜನ ನಿಮ್ಮ ಕೋಷ್ಟಕಕ್ಕೆ ಹೇಗೆ ಬಂದರು ಎಂಬುದಕ್ಕೆ ಇದೆ.

ನನ್ನನ್ನು ಕೆರಳಿಸಿದ ಇನ್ನೊಂದು ಸಾಲು ಐದನೆಯ ಪುಟದಲ್ಲಿದೆ: “ಬಹುಲಕವು ದೈನಂದಿನ ಜೀವನದಲ್ಲಿ ಅಷ್ಟೊಂದು ಉಪಯುಕ್ತವಲ್ಲ.”

ನಾನು ಈ ವೃತ್ತಿಗೆ ಬಂದದ್ದು ಶಿರಸಿಯ ಒಂದು ಸಣ್ಣ ಪತ್ರಿಕೆಯಲ್ಲಿ ಅಡಿಕೆ ಧಾರಣೆ ಬರೆಯುವ ಹುಡುಗನಾಗಿ. ಆಗೆಲ್ಲ ರಾಶಿಗೆ ಇಷ್ಟು, ಚಾಲಿಗೆ ಇಷ್ಟು, ಬೆಟ್ಟೆಗೆ ಇಷ್ಟು ಎಂದು ಒಂದೊಂದು ಬಗೆಯ ಅಡಿಕೆಯ ಗರಿಷ್ಠ ದರವನ್ನೇ ದಪ್ಪ ಅಕ್ಷರದಲ್ಲಿ ಹಾಕುವ ರೂಢಿ ಇತ್ತು. ಆ ದರಕ್ಕೆ ಹೋದದ್ದು ಒಂದೇ ಲಾಟು ಇರಬಹುದು. ಅದನ್ನು ಓದಿದ ಬೆಳೆಗಾರ ಸಿದ್ದಾಪುರದಿಂದಲೋ ಯಲ್ಲಾಪುರದಿಂದಲೋ ಚೀಲ ಹೇರಿಕೊಂಡು ಬರುತ್ತಿದ್ದ. ಟೆಂಡರ್ ಮುಗಿದ ಮೇಲೆ ನೇರವಾಗಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ, ಕೈಯಲ್ಲಿದ್ದ ಪತ್ರಿಕೆಯನ್ನು ಮೇಜಿನ ಮೇಲೆ ಬಡಿಯುತ್ತಿದ್ದ. ನಮ್ಮ ಹಿರಿಯ ಉಪಸಂಪಾದಕರಿಗೆ ಸಂಖ್ಯಾಶಾಸ್ತ್ರದ ಗಂಧವಿರಲಿಲ್ಲ. ಅವರು ನನ್ನನ್ನು ವಖಾರಿಗೆ ಅಟ್ಟಿ, “ಹೆಚ್ಚು ಮಾಲು ಯಾವ ದರಕ್ಕೆ ಹೋಯಿತು, ಅದನ್ನು ಕೇಳಿಕೊಂಡು ಬಾ” ಎಂದರು. ಅಂದಿನಿಂದ ಕನಿಷ್ಠ, ಗರಿಷ್ಠಗಳ ಜೊತೆಗೆ ಮೂರನೆಯ ಅಂಕಿಯೂ ಅಚ್ಚಾಗತೊಡಗಿತು. ಬೆಳೆಗಾರರು ಮೊದಲು ಓದುತ್ತಿದ್ದದ್ದು ಅದನ್ನೇ. ಇಂದಿನ ಕೃಷಿ ಮಾರುಕಟ್ಟೆ ಪಟ್ಟಿಗಳಲ್ಲಿಯೂ ಆ ಮೂರನೆಯ ದರ ಇರುತ್ತದೆ. ಅದೇ ನಿಮ್ಮ ಬಹುಲಕ, ಅಕ್ಕೋರೇ.

ಆ ಉಪಸಂಪಾದಕರ ಇನ್ನೊಂದು ಹಟ ಮಳೆಯದು. “ಜಿಲ್ಲೆಯ ಸರಾಸರಿ ಮಳೆ” ಎಂದು ಬರೆದುಕೊಂಡು ಹೋದರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, “ಯಾವ ಊರಿನಲ್ಲಿ?” ಎಂದು ಕೇಳುತ್ತಿದ್ದರು. ಹೊನ್ನಾವರ, ಭಟ್ಕಳದ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಸುರಿಯುತ್ತದೆ, ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ. ಎರಡನ್ನೂ ಕೂಡಿ ಭಾಗಿಸಿದ ಮಳೆ ಯಾರ ಗದ್ದೆಗೂ ಬೀಳುವುದಿಲ್ಲ ಎಂಬುದು ಅವರ ವಾದ. ಬೈಗುಳ ತಿನ್ನುವಾಗ ಸಿಟ್ಟು ಬರುತ್ತಿತ್ತು. ಈಗ ಅದೇ ಕೆಂಪು ಶಾಯಿ ನನ್ನ ಮೇಜಿನ ಮೇಲಿದೆ, ನೀವು ಸಿಟ್ಟು ಮಾಡಿಕೊಳ್ಳಬಹುದು.

ಲೇಖನದ ಉಳಿದ ಭಾಗದ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ವ್ಯಾಖ್ಯೆಗಳ ಪುಟಗಳನ್ನು ತೆಗೆದು, ಕೋಷ್ಟಕವನ್ನು ಮೊದಲ ಪುಟಕ್ಕೆ ತನ್ನಿ. ಸಾಧ್ಯವಾದರೆ ಆಗಸ್ಟ್ ಕಳೆದ ಮೇಲೆ, ಬೋಟುಗಳು ಕಡಲಿಗೆ ಇಳಿದಿರುವಾಗ ಇನ್ನೊಮ್ಮೆ ಬಂದರಿಗೆ ಹೋಗಿ. ಖಲಾಸಿಗಳನ್ನು, ಬೋಟು ನಡೆಸುವ ತಾಂಡೇಲರನ್ನು, ಮೀನು ಮಾರುವ ಹೆಂಗಸರನ್ನು ಬೇರೆ ಬೇರೆಯಾಗಿ ಕೇಳಿ. ಮಾಲೀಕರ 2,90,000ದಲ್ಲಿ ಡೀಸೆಲ್, ಐಸ್ ಮತ್ತು ಖಲಾಸಿಗಳ ಪಾಲು ಕಳೆದಿದೆಯೋ ಇಲ್ಲವೋ ಎಂದು ವಿಚಾರಿಸಿ ಬರೆಯಿರಿ. ಕಳೆಯದಿದ್ದರೆ ಆ ಅಂಕಿಯನ್ನು ಉಳಿದ ಹತ್ತರ ಸಾಲಿನಲ್ಲಿ ಇಡುವಂತೆಯೇ ಇಲ್ಲ. ಕೈಬರಹದ ಪ್ರತಿಯಾದರೂ ಅಡ್ಡಿಯಿಲ್ಲ. 1 ಮತ್ತು 7 ಮಾತ್ರ ಬೇರೆ ಬೇರೆ ಕಾಣಲಿ, ನಿಮ್ಮ 17,000ವನ್ನು ನಮ್ಮ ಡಿಟಿಪಿ ಹುಡುಗ 11,000 ಎಂದು ಜೋಡಿಸಿದ್ದ.